ಪಾಲು, ಹಾಲು ಮತ್ತು ಕಿಟ್ಟೆಲ್

ಕೆಂಗೇರಿ ಕಡೆಯ ಪಿಜಿಗಳಲ್ಲಿ ಇರೋರಿಗೆಲ್ಲ ಈ ಗೊಂದಲ ಗೊತ್ತು. ತೆಲುಗು ರೂಮ್‌ಮೇಟ್ ಬೆಳಗ್ಗೆ ‘ಪಾಲು’ ಅಂದ್ರೆ ಅವನಿಗೆ ಬೇಕಾಗಿರೋದು ಹಾಲು. ನಾವು ‘ಪಾಲು’ ಅಂದ್ರೆ ಬಾಡಿಗೆಯಲ್ಲಿ ಅವನು ಕೊಡಬೇಕಾದ ಭಾಗ. ತಮಿಳರಿಗೂ ಮಲಯಾಳಿಗಳಿಗೂ ಪಾಲ್ ಅಂದ್ರೆ ಹಾಲೇ. ಆದರೆ ತಮಿಳು ವ್ಯಾಕರಣದಲ್ಲಿ ಗಂಡು-ಹೆಣ್ಣು ಅನ್ನೋ ಲಿಂಗಭೇದಕ್ಕೂ ಪಾಲ್ ಅಂತಾರೆ, ತಿರುಕ್ಕುರಳ್‌ನ ಮೂರು ಭಾಗಗಳ ಹೆಸರಿನ ಕೊನೆಯಲ್ಲೂ ಅದೇ ಪಾಲ್ ಇದೆ. ಸಂಸ್ಕೃತದ ಪಾಲ ಇನ್ನೂ ಬೇರೆ. ಗೋಪಾಲನಿಗೂ ಹಾಲಿಗೂ ಪದದ ನಂಟಿಲ್ಲ, ಅವನು ಹಸು ಕಾಯೋನು ಅಷ್ಟೇ. ಇನ್ನು ಹಿಂದಿಯವರು ‘ಹಾಲ್’ ಕೇಳಿದ್ರೆ ಅದು ನಮ್ಮ ಯೋಗಕ್ಷೇಮ!

ಇಂಥ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ಬರೆಯೋಕೆ ಸುಮಾರು 20 ವರ್ಷ ಸವೆಸಿದವರು ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್.

ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರ ಕರಾವಳಿಯ ಕಡೆ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ. ತಂದೆ ಪಾದ್ರಿ. ಬಾಸೆಲ್ ಮಿಷನ್‌ನಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 21. ನಮಗಿಂತ ಎರಡೇ ವರ್ಷ ದೊಡ್ಡವರು. ಬಂದಿದ್ದು ಧರ್ಮಪ್ರಚಾರಕ್ಕೆ. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ಕೆಲಸ ಮಾಡಿದರು. ಆದರೆ ಮನಸ್ಸು ಕನ್ನಡದ ಕಡೆಗೇ ವಾಲಿತು. ಯೇಸುವಿನ ಕಥೆಯನ್ನೂ ಕನ್ನಡ ಛಂದಸ್ಸಿನಲ್ಲೇ ಬರೆದರು, ಅದೇ 1862ರ ‘ಕಥಾಮಾಲೆ’. ಈ ಪಾಂಡಿತ್ಯ ಮಿಷನ್‌ನಲ್ಲಿ ಎಲ್ಲರಿಗೂ ಹಿಡಿಸಲಿಲ್ಲ. ಮನೆಯಲ್ಲೂ ಕಷ್ಟ: ಹೆಂಡತಿ ಪೌಲಿನೆ ಬೇಗ ತೀರಿಕೊಂಡರು, ಆಮೇಲೆ ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು.

ನಿಘಂಟಿಗೆ ಮೊದಲು ಕಿಟ್ಟೆಲ್ ಹಳಗನ್ನಡಕ್ಕೆ ಇಳಿದರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಇದು ಯಾಕೆ ಮುಖ್ಯ ಅಂದ್ರೆ, ನಮ್ಮ ‘ಪಾಲು’ವಿನ ಬೇರು ಇರೋದೇ ಅಲ್ಲಿ. ಹಳಗನ್ನಡದಲ್ಲಿ ಹಾಲಿಗೆ ಪಾಲ್ ಅಂತಲೇ ಹೆಸರು. ಪತ್ತು ಹತ್ತಾಯಿತು, ಪುಲಿ ಹುಲಿಯಾಯಿತು, ಹಾಗೇ ಪಾಲ್ ಹಾಲಾಯಿತು. ಭಾಗ ಅನ್ನೋ ಅರ್ಥದ ಪಾಲು ಮಾತ್ರ ‘ಪ’ಕಾರ ಬಿಡಲಿಲ್ಲ. ಹಾಗಾಗಿ ತೆಲುಗು ರೂಮ್‌ಮೇಟ್ ಕೇಳೋದು ಒಂದು ಲೆಕ್ಕದಲ್ಲಿ ನಮ್ಮ ಹಳೇ ಮಾತಿನ ಸೋದರನನ್ನೇ. ತಮಾಷೆ ಅಂದ್ರೆ ತೆಲುಗಿನಲ್ಲೂ ಪಾಲು ಅಂದ್ರೆ ಭಾಗ ಅನ್ನೋ ಅರ್ಥ ಇದೆ!

ಆಗ ಬಹಳ ಪಂಡಿತರು ಯಾವ ಪದ ಸಿಕ್ಕರೂ ಸಂಸ್ಕೃತದಿಂದಲೇ ಹುಟ್ಟಿಸುತ್ತಿದ್ದರು. ಕಿಟ್ಟೆಲ್ 1872ರಲ್ಲೇ ಲೇಖನ ಬರೆದು, ದ್ರಾವಿಡ ಪದಗಳೇ ಸಂಸ್ಕೃತ ನಿಘಂಟುಗಳಿಗೆ ಹೋಗಿವೆ ಅಂತ ಪಟ್ಟಿ ಸಮೇತ ತೋರಿಸಿದರು. ಆ ಕಾಲಕ್ಕೆ ಇದು ಸಣ್ಣ ಧೈರ್ಯ ಅಲ್ಲ.

ನಿಘಂಟಿನ ಕೆಲಸ ನಡೆಯುತ್ತಿದ್ದಾಗ ಅವರು ಜರ್ಮನಿಗೆ ವಾಪಸ್ ಹೋಗಿದ್ದರು. ಪುಸ್ತಕದ ಪದಗಳಿಗೆ ಅಲ್ಲೇ ಕೂತು ಅರ್ಥ ಬರೆಯಬಹುದಿತ್ತು. ಆದರೆ ಬೀದಿಪಾಲು, ನೀರುಪಾಲು ಅನ್ನೋ ಮಾತುಗಳಲ್ಲಿ ಯಾರಿಗೂ ಏನೂ ಹಂಚಿಲ್ಲ, ಇದ್ದದ್ದು ಕಳೆದುಹೋಗಿದೆ ಅನ್ನೋದು ಜನರ ಬಾಯಲ್ಲೇ ಗೊತ್ತಾಗಬೇಕು. 50 ದಾಟಿದ ಮೇಲೆ, ಆ ಕಾಲದ ಹಡಗು ಪ್ರಯಾಣ ಮಾಡಿ, ಈ ಕೆಲಸಕ್ಕಾಗಿಯೇ ಮತ್ತೆ ಇಲ್ಲಿಗೆ ಬಂದರು. ಇಲ್ಲಿನ ಪಂಡಿತರು ಜೊತೆ ಕೂತು ನೆರವಾದರು. ಅವರ ಹೆಸರುಗಳನ್ನು ನಾವ್ಯಾರೂ ನೆನಪಿಟ್ಟುಕೊಂಡಿಲ್ಲ, ಇದು ಅನ್ಯಾಯ ಅಂತಲೇ ನಮ್ಮ ಅಭಿಪ್ರಾಯ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ರೂಪ ಒಂದೇ, ಅರ್ಥ ಬೇರೆ ಆಗಿರೋ ಪದಗಳಿಗೆ ಬೇರೆ ಬೇರೆ ನಂಬರ್. ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳ, ತುಳುವಿನ ನೆಂಟರು, ಮಧ್ಯೆ ಮಧ್ಯೆ ಗಾದೆಗಳು. ಅರ್ಥ ಕೊಟ್ಟಿರೋದು ಇಂಗ್ಲಿಷ್‌ನಲ್ಲಿ, ಹಾಗಾಗಿ ನಮ್ಮಂಥ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಓದೋಕೆ ಸಲೀಸು! ಆಗ ಕಿಟ್ಟೆಲ್‌ಗೆ 62 ವರ್ಷ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಅಷ್ಟಕ್ಕೆ ನಿಲ್ಲಿಸದೆ ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಅಚ್ಚಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗನ್‌ನಲ್ಲೇ ತೀರಿಕೊಂಡರು.

ಅವರನ್ನು ನೋಡಬೇಕು ಅನ್ನಿಸಿದ್ರೆ ಕೆಂಗೇರಿಯಲ್ಲೋ ವಿಜಯನಗರದಲ್ಲೋ ಪರ್ಪಲ್ ಲೈನ್ ಹತ್ತಿ. ಎಲ್ಲೂ ಬದಲಿಸದೆ ಎಂ.ಜಿ. ರಸ್ತೆಯಲ್ಲಿ ಇಳಿದು ಸ್ವಲ್ಪ ನಡೆದರೆ ಮೇಯೋ ಹಾಲ್ ಮುಂದೆ ಅವರ ಪ್ರತಿಮೆ ಇದೆ. ಹೌದು, ಇದು ಇನ್ನೊಂದು ಹಾಲ್.