ಪ್ರೇಕ್ಷಕನ ನಾಡಿ ಹಿಡಿದ ಗುಬ್ಬಿ ವೀರಣ್ಣ

ಗುಬ್ಬಿಯ ಮೂಲಕ ಹಾದುಹೋಗುವ ರೈಲುಮಾರ್ಗ ಅರಸೀಕೆರೆ, ಕಡೂರು, ಬೀರೂರು ದಾಟಿ ಅಜ್ಜಂಪುರದತ್ತ ಸಾಗುತ್ತದೆ. ಬೀರೂರಿನಲ್ಲಿ ಕವಲೊಡೆದ ಮಾರ್ಗ ತರೀಕೆರೆಯನ್ನು ಮುಟ್ಟುತ್ತದೆ. ವೃತ್ತಿನಾಟಕ ಕಂಪನಿಗಳು ಪರದೆ, ಪೆಟ್ಟಿಗೆಗಳೊಡನೆ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಇಂತಹ ಊರುಗಳ ಪ್ರೇಕ್ಷಕರೇ ಅವುಗಳ ಅನ್ನದಾತರಾಗಿದ್ದರು. ಆ ಪ್ರೇಕ್ಷಕರ ನಾಡಿಮಿಡಿತ ಅರಿತವರಲ್ಲಿ ಅಗ್ರಗಣ್ಯರು ಗುಬ್ಬಿ ವೀರಣ್ಣ.

1891ರಲ್ಲಿ ಜನಿಸಿದ ವೀರಣ್ಣ, 1884ರಲ್ಲಿ ಸ್ಥಾಪನೆಯಾಗಿದ್ದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಬಾಲನಟನಾಗಿ ಸೇರಿದರು. ಹಾಸ್ಯಪಾತ್ರಗಳಿಂದ ಜನಪ್ರಿಯರಾಗಿ, ಮುಂದೆ ಕಂಪನಿಯ ಒಡೆಯರೇ ಆದರು. ಟಿಕೆಟ್ ಹಣವನ್ನೇ ನೆಚ್ಚಿದ ಆ ಸಂಸಾರದಲ್ಲಿ ಒಂದು ಕ್ಯಾಂಪ್ ಸೋತರೆ ಮುಂದಿನ ಊರಿನ ಪಯಣಕ್ಕೂ ತತ್ವಾರ. ನೋಡಿದ್ದನ್ನೇ ಮತ್ತೆ ತೋರಿಸಿದರೆ ಜನ ಬಾರರೆಂಬ ಆ ಅಳುಕೇ ಅವರನ್ನು ಹೊಸ ಪ್ರಯೋಗಗಳಿಗೆ ದೂಡಿತು.

ಪುರುಷರೇ ಸ್ತ್ರೀಪಾತ್ರ ವಹಿಸುತ್ತಿದ್ದ ದಿನಗಳಲ್ಲಿ ಅವರು ನಟಿಯರಿಗೆ ರಂಗದ ಬಾಗಿಲು ತೆರೆದರು. 1934ರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸಿನಿಮಾ ಪ್ರೇಕ್ಷಕರನ್ನು ಸೆಳೆಯತೊಡಗಿದಾಗ ಅದನ್ನು ಶಪಿಸುತ್ತ ಕೂರದೆ ಸ್ವತಃ ಚಿತ್ರನಿರ್ಮಾಣಕ್ಕೆ ಇಳಿದರು. ಅವರ ಕಂಪನಿಯಲ್ಲೇ ಪಳಗಿದ್ದ ರಾಜಕುಮಾರ್ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಮೂಲಕ ನಾಯಕನಟರಾದರು.

ವೀರಣ್ಣ ಹಣ ಹೂಡಿದ್ದು ರಂಗಸಜ್ಜಿಕೆಗೆ ಮಾತ್ರವಲ್ಲ. ಕಂಪನಿಯಲ್ಲಿದ್ದ ತರುಣ ಬಿ.ವಿ. ಕಾರಂತರನ್ನು ಉನ್ನತ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಅದೇ ಕಾರಂತರು ಮುಂದೆ ಆಧುನಿಕ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದರು.

1972ರಲ್ಲಿ ಪದ್ಮಶ್ರೀ ಪುರಸ್ಕೃತರಾದ ವೀರಣ್ಣ ಅದೇ ವರ್ಷ ಅಕ್ಟೋಬರ್‌ನಲ್ಲಿ ನಿಧನರಾದರು. ಕಲೆಯನ್ನೇ ಉದ್ಯಮವಾಗಿಸಿಕೊಂಡವರಿಗೆ ಅವರ ಬಾಳು ತೋರುವ ದಾರಿ ಸ್ಪಷ್ಟ: ಗೆದ್ದ ನಾಟಕದ ಗಳಿಕೆ ಮುಂದಿನ ಪ್ರಯೋಗದ ಬಂಡವಾಳವಾಗಬೇಕು.