ಕೆಟ್ಟ ರೇಡಿಯೊಗಳಿಂದ ಪಾಠ ಕಲಿತ ಲಿಯೋ ಫೆಂಡರ್

ಮಕ್ಕಳೇ, ಊರ ಜಾತ್ರೆಯಲ್ಲೋ ಶಾಲಾ ವಾರ್ಷಿಕೋತ್ಸವದಲ್ಲೋ ಮೈಕ್ ಸೆಟ್ ಇದ್ದಕ್ಕಿದ್ದಂತೆ ಕೈಕೊಡುವುದನ್ನು ನೀವು ನೋಡಿರುತ್ತೀರಿ. ಆಗ ಒಬ್ಬರು ಬಂದು ಪೆಟ್ಟಿಗೆಯನ್ನು ತಟ್ಟುತ್ತಾರೆ. ಇನ್ನೊಬ್ಬರು ವೈರು ಎಳೆದು ನೋಡುತ್ತಾರೆ. ಕೆಲಸ ಬಲ್ಲವರು ಮಾತ್ರ ಹಾಗೆ ಮಾಡುವುದಿಲ್ಲ. ಚೀಲದಿಂದ ಮಲ್ಟಿಮೀಟರ್ ತೆಗೆದು, ಒಂದೊಂದೇ ಜಾಗವನ್ನು ಅಳೆಯುತ್ತಾ ದೋಷ ಇರುವಲ್ಲಿಗೆ ತಲುಪುತ್ತಾರೆ. ಹೀಗೆ ಕೆಟ್ಟ ಉಪಕರಣಗಳನ್ನು ರಿಪೇರಿ ಮಾಡುತ್ತಲೇ ಎಲೆಕ್ಟ್ರಾನಿಕ್ಸ್ ಕಲಿತು, ಸಂಗೀತಲೋಕಕ್ಕೆ ಹೊಸ ಧ್ವನಿಯನ್ನೇ ಕೊಟ್ಟವರು ಲಿಯೋ ಫೆಂಡರ್. ಅವರ ಬದುಕಿನ ಕಥೆಯನ್ನು ತಿಳಿಯೋಣ ಬನ್ನಿ.

ಕಿತ್ತಳೆ ತೋಟದ ಹುಡುಗ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಅನಹೈಮ್ ಮತ್ತು ಫುಲರ್ಟನ್ ಎಂಬ ಊರುಗಳಿವೆ. ಇವುಗಳ ನಡುವೆ ಕಿತ್ತಳೆ ತೋಟ ಮಾಡಿಕೊಂಡಿದ್ದ ರೈತ ದಂಪತಿಗೆ 1909ರ ಆಗಸ್ಟ್ 10ರಂದು ಒಂದು ಗಂಡು ಮಗು ಹುಟ್ಟಿತು. ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಎಂದು ಹೆಸರಿಟ್ಟರು. ಎಲ್ಲರೂ ಕರೆದದ್ದು ಲಿಯೋ ಎಂದು. ಎಂಟನೆಯ ವಯಸ್ಸಿನಲ್ಲಿ ಲಿಯೋನ ಒಂದು ಕಣ್ಣಿಗೆ ಗಡ್ಡೆಯಾಗಿ, ಆ ಕಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣೇ ಗತಿಯಾಯಿತು.

1922ರಲ್ಲಿ ಹತ್ತಿರದ ಬಂಧು ಜಾನ್ ವೆಸ್ಟ್ ಎಂಬುವರು ಲಿಯೋಗೆ ಒಂದು ಪೆಟ್ಟಿಗೆ ಕಳುಹಿಸಿಕೊಟ್ಟರು. ಅದರ ತುಂಬ ಹಳೆಯ ರೇಡಿಯೊ ಬಿಡಿಭಾಗಗಳು, ಜೊತೆಗೆ ಒಂದು ಬ್ಯಾಟರಿ! ಜಾನ್ ವೆಸ್ಟ್ ಅವರು ವಾಹನಗಳ ವಿದ್ಯುತ್ ಭಾಗಗಳನ್ನು ದುರಸ್ತಿ ಮಾಡುವ ಅಂಗಡಿ ಇಟ್ಟಿದ್ದರು. ಮರುವರ್ಷ ಲಿಯೋ ಆ ಅಂಗಡಿಗೆ ಹೋದಾಗ, ಬಿಡಿಭಾಗಗಳಿಂದಲೇ ಮಾಡಿದ ರೇಡಿಯೊ ಒಂದು ಅಂಗಡಿಯ ಮುಂದೆ ಗಟ್ಟಿಯಾಗಿ ಹಾಡುತ್ತಿತ್ತು. ಹುಡುಗ ಬೆರಗಾಗಿ ನಿಂತ. ಮನೆಗೆ ಮರಳಿದವನೇ ರೇಡಿಯೊ ಬಿಚ್ಚುವುದು, ಜೋಡಿಸುವುದು, ರಿಪೇರಿ ಮಾಡುವುದನ್ನು ಶುರುಮಾಡಿದ.

ಕೆಲಸ ಹೋಯಿತು, ಅಂಗಡಿ ಬಂತು

ಲಿಯೋ ಕಾಲೇಜಿನಲ್ಲಿ ಓದಿದ್ದು ವಿಜ್ಞಾನವನ್ನಲ್ಲ, ಲೆಕ್ಕಪತ್ರಗಳನ್ನು. ಎಲೆಕ್ಟ್ರಾನಿಕ್ಸನ್ನು ಅವರು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಓದು ಮುಗಿದ ಮೇಲೆ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಅದು 1930ರ ದಶಕ. ಅಮೆರಿಕದಲ್ಲಿ ಭಾರಿ ಆರ್ಥಿಕ ಮುಗ್ಗಟ್ಟು ಬಂದು ಲಕ್ಷಾಂತರ ಜನ ಬೀದಿಗೆ ಬಿದ್ದಿದ್ದರು. ಲಿಯೋ ಅವರ ಕೆಲಸವೂ ಹೋಯಿತು. ಇನ್ನೊಂದು ಕಡೆ ಸೇರಿದರು. ಕೆಲವೇ ತಿಂಗಳಲ್ಲಿ ಅದೂ ಕೈತಪ್ಪಿತು. ಆ ಹೊತ್ತಿಗೆ ಅವರಿಗೆ ಮದುವೆಯೂ ಆಗಿತ್ತು. ಮುಂದೇನು?

1938ರಲ್ಲಿ ಅವರು 600 ಡಾಲರ್ ಸಾಲ ಮಾಡಿ, ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಹುಡುಗಾಟದ ಹವ್ಯಾಸವೇ ಈಗ ಅನ್ನದ ದಾರಿಯಾಯಿತು. ಸುತ್ತಲಿನ ಸಂಗೀತಗಾರರೂ ತಮ್ಮ ಕೆಟ್ಟ ಧ್ವನಿವರ್ಧಕಗಳನ್ನು ಹೊತ್ತು ಅಲ್ಲಿಗೇ ಬರತೊಡಗಿದರು.

ವಾಲ್ವ್ ಎಂಬ ತೂಬು

ಆ ಕಾಲದ ರೇಡಿಯೊ ಮತ್ತು ಧ್ವನಿವರ್ಧಕಗಳಲ್ಲಿ ಇಂದಿನ ಚಿಪ್‌ಗಳಿರಲಿಲ್ಲ. ಗಾಳಿ ತೆಗೆದ ಗಾಜಿನ ಬುರುಡೆಗಳಿದ್ದವು. ಇವೇ ನಿರ್ವಾತ ನಳಿಕೆಗಳು, ಅಂದರೆ ವಾಲ್ವ್‌ಗಳು. ವಾಲ್ವಿನೊಳಗಿನ ಕ್ಯಾಥೋಡ್ ಎಂಬ ಭಾಗ ಬಿಸಿಯಾದಾಗ ಎಲೆಕ್ಟ್ರಾನುಗಳು ಹೊರಬರುತ್ತವೆ. ಆನೋಡ್ ಎಂಬ ಧನ ವಿದ್ಯುದಂಶದ ತಗಡು ಅವನ್ನು ತನ್ನತ್ತ ಸೆಳೆಯುತ್ತದೆ. ಎರಡರ ನಡುವೆ ಗ್ರಿಡ್ ಎಂಬ ತಂತಿಯ ಬಲೆ ಇರುತ್ತದೆ.

ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ನೀರುಗಂಟಿ ತೂಬನ್ನು ಸ್ವಲ್ಪ ಎತ್ತಿ ಇಳಿಸಿದರೆ ಸಾಕು, ಕಾಲುವೆಯಲ್ಲಿ ಹರಿಯುವ ನೀರು ಬಹಳ ಹೆಚ್ಚು ಕಡಿಮೆಯಾಗುತ್ತದೆ. ಗ್ರಿಡ್ ಕೂಡ ಹಾಗೆಯೇ. ಗಿಟಾರಿನಿಂದ ಬಂದ ಸಣ್ಣ ವಿದ್ಯುತ್ ಸಂಕೇತ ಗ್ರಿಡ್ಡಿಗೆ ತಲುಪಿದರೆ, ವಾಲ್ವಿನಲ್ಲಿ ಹರಿಯುವ ದೊಡ್ಡ ಪ್ರವಾಹ ಅದೇ ತಾಳಕ್ಕೆ ಏರಿಳಿಯುತ್ತದೆ. ಸ್ಪೀಕರ್ ಗಟ್ಟಿಯಾಗಿ ನುಡಿಯುತ್ತದೆ.

ಸದ್ದು ಅಡಗಿದರೆ ಎಲ್ಲಿ ಹುಡುಕುವುದು?

ವಾಲ್ವ್ ಧ್ವನಿವರ್ಧಕ ಮೂಕವಾದರೆ ಎಲ್ಲ ಭಾಗಗಳನ್ನೂ ಬದಲಿಸುವುದು ಜಾಣತನವಲ್ಲ. ವೋಲ್ಟೇಜ್, ಪ್ರವಾಹ ಮತ್ತು ರೋಧ ಮೂರನ್ನೂ ಅಳೆಯುವ ಮಲ್ಟಿಮೀಟರ್ ಇದ್ದರೆ ದೋಷ ತಾನಾಗಿಯೇ ಬಯಲಾಗುತ್ತದೆ.

ಮೊದಲು ಪ್ಲಗ್ ಕಿತ್ತು, ಫ್ಯೂಸಿನ ರೋಧ ನೋಡಬೇಕು. ರೋಧ ಸೊನ್ನೆಯ ಹತ್ತಿರವಿದ್ದರೆ ಫ್ಯೂಸ್ ಸರಿಯಾಗಿದೆ. ಬಳಿಕ ವಿದ್ಯುತ್ ಕೊಟ್ಟು, ವಾಲ್ವನ್ನು ಬಿಸಿ ಮಾಡುವ ತಂತಿಗೆ ವೋಲ್ಟೇಜ್ ಬರುತ್ತಿದೆಯೇ ಎಂದು ಅಳೆಯಬೇಕು. ಗಿಟಾರ್ ಧ್ವನಿವರ್ಧಕದ ಬಹುಪಾಲು ವಾಲ್ವ್‌ಗಳಲ್ಲಿ ಇದು 6.3 ವೋಲ್ಟ್. ವೋಲ್ಟೇಜ್ ಬಂದಿದ್ದರೂ ವಾಲ್ವ್ ಕೆಂಪಗೆ ಮಿನುಗದಿದ್ದರೆ ಅದರೊಳಗಿನ ತಂತಿ ತುಂಡಾಗಿರಬಹುದು.

ಮುಂದೆ ಆನೋಡ್ ಅಳೆಯಬೇಕು. ಮೊದಲ ಹಂತದ ವಾಲ್ವುಗಳಲ್ಲಿ ಆನೋಡಿಗೆ ವಿದ್ಯುತ್ ಬರುವುದು ಒಂದು ರೋಧಕದ ಮೂಲಕ. ಪ್ರವಾಹ ಹರಿಯುವಾಗ ರೋಧಕದಲ್ಲಿ ಸ್ವಲ್ಪ ವೋಲ್ಟೇಜ್ ಇಳಿಯುತ್ತದೆ. ಆದ್ದರಿಂದ ಆನೋಡಿನ ವೋಲ್ಟೇಜ್ ಮೂಲದ ವೋಲ್ಟೇಜಿಗಿಂತ ಕಡಿಮೆ ಇರಬೇಕು. ಎರಡೂ ಸಮವಾಗಿದ್ದರೆ? ವಾಲ್ವಿನಲ್ಲಿ ಪ್ರವಾಹವೇ ಇಲ್ಲ ಎಂದರ್ಥ. ಮೂಲದಲ್ಲಿ ವೋಲ್ಟೇಜ್ ಇದ್ದು ಆನೋಡಿನಲ್ಲಿ ಸೊನ್ನೆ ಬಂದರೆ? ನಡುವಿನ ರೋಧಕ ಒಡೆದಿರಬಹುದು. ನೋಡಿ, ಒಂದೇ ಅಳತೆ ಎಷ್ಟೆಲ್ಲ ಹೇಳುತ್ತದೆ!

ಇಲ್ಲಿ ಓಮನ ನಿಯಮವೂ ನೆರವಿಗೆ ಬರುತ್ತದೆ. ಫೆಂಡರ್ ಅವರ ಚಾಂಪ್ ಎಂಬ ಪುಟ್ಟ ಧ್ವನಿವರ್ಧಕದಲ್ಲಿ ಕೊನೆಯ ವಾಲ್ವಿನ ಕ್ಯಾಥೋಡಿಗೆ 470 ಓಮ್ ರೋಧಕ ಜೋಡಿಸಿರುತ್ತಿತ್ತು. ಅದರ ಎರಡು ತುದಿಗಳ ನಡುವೆ 19 ವೋಲ್ಟ್ ಇದೆ ಎಂದುಕೊಳ್ಳಿ. 19ನ್ನು 470ರಿಂದ ಭಾಗಿಸಿದರೆ ಸುಮಾರು 0.04 ಆಂಪಿಯರ್. ತಂತಿ ಕತ್ತರಿಸದೆಯೇ ವಾಲ್ವಿನ ಪ್ರವಾಹ ತಿಳಿದುಹೋಯಿತು.

ಎಚ್ಚರಿಕೆ! ವಾಲ್ವ್ ಪೆಟ್ಟಿಗೆಯೊಳಗೆ 300 ವೋಲ್ಟಿಗೂ ಹೆಚ್ಚು ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುದಂಶ ಉಳಿದಿದ್ದು ಪ್ರಾಣ ತೆಗೆಯಬಲ್ಲದು. ಇದು ತರಬೇತಿ ಪಡೆದವರ ಕೆಲಸ. ಮಕ್ಕಳು ಕೈ ಹಾಕಲೇಬಾರದು.

ರಿಪೇರಿಯಿಂದ ಹೊಸ ಸೃಷ್ಟಿಗೆ

ರಿಪೇರಿ ಮಾಡುವವರಿಗೆ ಉಪಕರಣದ ಗುಟ್ಟೆಲ್ಲ ಗೊತ್ತಾಗುತ್ತದೆ. ಯಾವ ಭಾಗ ಬೇಗ ಕೆಡುತ್ತದೆ, ಯಾವುದಕ್ಕೆ ಕೈ ತಲುಪುವುದಿಲ್ಲ ಎಂಬುದನ್ನು ಲಿಯೋ ದಿನವೂ ಕಾಣುತ್ತಿದ್ದರು. 1945ರಲ್ಲಿ ಗೆಳೆಯ ಡಾಕ್ ಕಾಫ್‌ಮನ್ ಅವರೊಂದಿಗೆ ಗಿಟಾರ್ ಮತ್ತು ಧ್ವನಿವರ್ಧಕಗಳ ತಯಾರಿಕೆ ಆರಂಭಿಸಿದರು. ಮರುವರ್ಷ ಗೆಳೆಯ ಹೊರಬಂದರು. ಲಿಯೋ ತಮ್ಮದೇ ಹೆಸರಿನ ಕಂಪನಿ ಕಟ್ಟಿದರು. ಅವರ ಧ್ವನಿವರ್ಧಕಗಳಲ್ಲಿ ಬಿಡಿಭಾಗಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದರು. ಯಾವ ಜಾಗದಲ್ಲಿ ಯಾವ ವಾಲ್ವ್ ಇದೆ ಎಂಬ ಚೀಟಿಯನ್ನು ಪೆಟ್ಟಿಗೆಯ ಒಳಗೆ ಅಂಟಿಸುತ್ತಿದ್ದರು. ಮುಂದೆ ರಿಪೇರಿ ಮಾಡುವವರಿಗೆ ಇದರಿಂದ ಎಷ್ಟು ಅನುಕೂಲ!

ಇನ್ನೊಂದು ಸಮಸ್ಯೆ ಇತ್ತು. ಟೊಳ್ಳು ಗಿಟಾರನ್ನು ಧ್ವನಿವರ್ಧಕಕ್ಕೆ ಜೋಡಿಸಿ ಸದ್ದು ಏರಿಸಿದರೆ ಕಿರುಚಾಟ ಶುರುವಾಗುತ್ತಿತ್ತು. ಮೈಕನ್ನು ಸ್ಪೀಕರಿನ ಹತ್ತಿರ ತಂದಾಗ ಕೇಳುವುದೂ ಇಂಥದೇ ಸದ್ದು. ಸ್ಪೀಕರಿನ ಶಬ್ದ ಟೊಳ್ಳು ಮರವನ್ನು ಕಂಪಿಸುತ್ತದೆ, ಆ ಕಂಪನ ಮತ್ತೆ ಸ್ಪೀಕರಿಗೆ ಹೋಗುತ್ತದೆ. ಗಟ್ಟಿ ಮರದ ಗಿಟಾರಿನಲ್ಲಿ ಈ ಕಾಟ ಬಹಳ ಕಡಿಮೆ. ಇಂಥ ಗಿಟಾರನ್ನು ಬೇರೆಯವರೂ ಪ್ರಯತ್ನಿಸಿದ್ದರು. ಆದರೆ ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಿಸಿ ಜನಪ್ರಿಯಗೊಳಿಸಿದ ಕೀರ್ತಿ ಲಿಯೋ ಅವರದು. 1950ರಲ್ಲಿ ಅವರ ಮೊದಲ ಗಟ್ಟಿ ಮರದ ಗಿಟಾರ್ ಮಾರುಕಟ್ಟೆಗೆ ಬಂತು. ಮುಂದೆ ಅದಕ್ಕೆ ಟೆಲಿಕಾಸ್ಟರ್ ಎಂಬ ಹೆಸರಾಯಿತು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಲೋಕಪ್ರಸಿದ್ಧವಾಯಿತು.

ಸೋಜಿಗವೆಂದರೆ, ಲಿಯೋ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಹೊಸದೇನು ಮಾಡಿದರೂ ಅದನ್ನು ಸಂಗೀತಗಾರರ ಕೈಗೆ ಕೊಟ್ಟು, ಅವರು ತೋರಿಸಿದ ಕುಂದನ್ನು ಕೇಳಿಕೊಂಡು ಬಂದು ತಿದ್ದುತ್ತಿದ್ದರು.

ಕೊನೆಯವರೆಗೂ ಕೆಲಸ

ವರ್ಷಗಟ್ಟಲೆ ಕಾಡಿದ ಸೋಂಕು ಲಿಯೋ ಅವರನ್ನು ಹಣ್ಣುಮಾಡಿತು. ಇನ್ನು ಹೆಚ್ಚು ದಿನ ಬದುಕುವುದಿಲ್ಲ ಎಂದುಕೊಂಡು, 1965ರಲ್ಲಿ ಕಂಪನಿಯನ್ನು 1 ಕೋಟಿ 30 ಲಕ್ಷ ಡಾಲರಿಗೆ ಮಾರಿಬಿಟ್ಟರು. ಆಮೇಲೆ ಒಬ್ಬ ವೈದ್ಯರಿಂದ ಸರಿಯಾದ ಚಿಕಿತ್ಸೆ ಸಿಕ್ಕಿ ಗುಣವಾದರು. ಕಂಪನಿ ಕೈಬಿಟ್ಟಿತ್ತು, ಕೆಲಸ ಕೈಬಿಡಲಿಲ್ಲ. 1970ರ ದಶಕದಲ್ಲಿ ಮತ್ತೆ ವಾದ್ಯಗಳ ತಯಾರಿಕೆಗೆ ಇಳಿದರು. ಪಾರ್ಕಿನ್ಸನ್ ಕಾಯಿಲೆ ಬಂದರೂ ಕೆಲಸ ಮುಂದುವರಿಸಿದರು. 1991ರ ಮಾರ್ಚ್ 21ರಂದು ನಿಧನರಾದರು.

ಒಂದು ಕಣ್ಣು ಇಲ್ಲದಿದ್ದರೂ, ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದದಿದ್ದರೂ, ಕೆಟ್ಟದ್ದನ್ನು ಬಿಚ್ಚಿ ಕಾರಣ ಹುಡುಕುವ ಅಭ್ಯಾಸವೊಂದೇ ಅವರನ್ನು ಅಷ್ಟು ದೂರ ನಡೆಸಿತು.

ಮಾಡಿ ನೋಡಿ

ಬಲ್ಬಿನ ಹಳೆಯ ಟಾರ್ಚೊಂದು ಬೆಳಗುತ್ತಿಲ್ಲವೇ? ಶಿಕ್ಷಕರ ಜೊತೆ ಕುಳಿತು, ಶಾಲೆಯ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಮೊದಲು ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆಯಿರಿ. ಡಿ.ಸಿ. ವೋಲ್ಟೇಜ್ ಅಳತೆಯಲ್ಲಿ ಪ್ರತಿ ಶೆಲ್ ನೋಡಿ. ಹೊಸ ಶೆಲ್ ಸುಮಾರು 1.5 ವೋಲ್ಟ್ ತೋರಿಸುತ್ತದೆ. ನಂತರ ಶೆಲ್ ಹೊರತೆಗೆದು, ಬಲ್ಬು ಮತ್ತು ಸ್ವಿಚ್ಚಿನ ರೋಧ ಅಳೆಯಿರಿ. ದೋಷ ಎಲ್ಲಿತ್ತು? ನಿಮ್ಮ ಊಹೆ ಸರಿಯಾಯಿತೇ? ಮೀಟರಿನ ಕಡ್ಡಿಗಳನ್ನು ಮನೆಯ ಅಥವಾ ಶಾಲೆಯ ವಿದ್ಯುತ್ ಸಾಕೆಟ್ಟಿಗೆ ಮಾತ್ರ ಎಂದೂ ತೂರಿಸಬೇಡಿ.