ಮಹಾರಾಜ ರಣಜಿತ್ ಸಿಂಗ್ (1780–1839): ತೀರ್ಥಕ್ಷೇತ್ರಗಳ ಮಹಾದಾನಿ

ಕಾಶಿ, ಅಮೃತಸರ, ನಾಂದೇಡ್ ಮೊದಲಾದ ಪುಣ್ಯಕ್ಷೇತ್ರಗಳಿಗೆ ಯಾತ್ರೆ ಕೈಗೊಳ್ಳಲು ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಈ ಕ್ಷೇತ್ರಗಳೆಲ್ಲಕ್ಕೂ ಸಂಬಂಧಪಟ್ಟ ಅರಸರೊಬ್ಬರ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ. ಕಾಶಿ ವಿಶ್ವನಾಥ ದೇವಾಲಯದ ಶಿಖರದ ಮೇಲಿನ ಚಿನ್ನ ಹಾಗೂ ಅಮೃತಸರದ ಹರಮಂದಿರ್ ಸಾಹಿಬ್‌ನ ಚಿನ್ನ ಒಬ್ಬರೇ ದಾನಿಯಿಂದ ಸಂದವು ಎಂಬ ಅಂಶ ಯಾತ್ರಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಆ ದಾನಿಯೇ ಪಂಜಾಬಿನ ಮಹಾರಾಜ ರಣಜಿತ್ ಸಿಂಗರು.

ಜನನ ಮತ್ತು ರಾಜ್ಯಾಧಿಕಾರ

ರಣಜಿತ್ ಸಿಂಗರು 1780ರ ನವೆಂಬರ್ 13ರಂದು ಇಂದಿನ ಪಾಕಿಸ್ತಾನದಲ್ಲಿರುವ ಗುಜ್ರಾನ್‌ವಾಲಾದಲ್ಲಿ ಜನಿಸಿದರು. ಆಗ ಪಂಜಾಬು ಮಿಸಲ್‌ಗಳೆಂದು ಕರೆಯಲ್ಪಡುತ್ತಿದ್ದ ಸಿಖ್ ದಳಗಳಲ್ಲಿ ಹಂಚಿಹೋಗಿತ್ತು. ಇವರ ತಂದೆ ಮಹಾಸಿಂಗರು ಸುಕರ್‌ಚಕಿಯಾ ಮಿಸಲ್‌ನ ನಾಯಕರಾಗಿದ್ದರು. ಬಾಲ್ಯದಲ್ಲಿಯೇ ಸಿಡುಬು ತಗುಲಿ ಎಡಗಣ್ಣಿನ ದೃಷ್ಟಿ ಹೋಯಿತು. ತಂದೆಯ ಅಕಾಲಿಕ ಮರಣದಿಂದ ದಳದ ನಾಯಕತ್ವ ಎಳೆಯ ವಯಸ್ಸಿನಲ್ಲಿಯೇ ಹೆಗಲಿಗೇರಿತು. ಓದುಬರಹ ಕಲಿಯಲು ಅವಕಾಶವಾಗಲಿಲ್ಲ. 1799ರ ಜುಲೈನಲ್ಲಿ ಲಾಹೋರನ್ನು ವಶಪಡಿಸಿಕೊಂಡು, 1801ರ ಏಪ್ರಿಲ್ 12ರಂದು ಮಹಾರಾಜ ಪದವಿಯನ್ನು ಸ್ವೀಕರಿಸಿದರು. 1818ರಲ್ಲಿ ಮುಲ್ತಾನ್, 1819ರಲ್ಲಿ ಕಾಶ್ಮೀರ ಅವರ ಆಳ್ವಿಕೆಗೆ ಒಳಪಟ್ಟವು.

ಪಟ್ಟವೇರಿದ ಮೇಲೂ ಅವರು ನಾಣ್ಯಗಳನ್ನು ತಮ್ಮ ಹೆಸರಿನಲ್ಲಿ ಟಂಕಿಸಲಿಲ್ಲ. ಅವು ಗುರುನಾನಕರ ಹೆಸರಿನಲ್ಲಿ ಹೊರಬಂದು ನಾನಕ್‌ಶಾಹಿ ಎಂದೇ ಪ್ರಸಿದ್ಧವಾದವು. ಆಡಳಿತವನ್ನು ಖಾಲ್ಸಾ ಸರ್ಕಾರ ಎಂದು ಕರೆಯಲಾಗುತ್ತಿತ್ತು.

ಅಮೃತಸರ

ಅಮೃತಸರದ ಸರೋವರವನ್ನು ನಾಲ್ಕನೆಯ ಗುರು ರಾಮದಾಸರು 1577ರಲ್ಲಿ ತೋಡಿಸಿದರು. ಅದರ ನಡುವೆ ಐದನೆಯ ಗುರು ಅರ್ಜುನ ದೇವರು ಹರಮಂದಿರವನ್ನು ಕಟ್ಟಿಸಿ, 1604ರಲ್ಲಿ ಅಲ್ಲಿ ಆದಿಗ್ರಂಥವನ್ನು ಪ್ರತಿಷ್ಠಾಪಿಸಿದರು. 1762ರಲ್ಲಿ ಅಹ್ಮದ್ ಶಾ ದುರ್ರಾನಿಯ ಸೈನ್ಯವು ಮಂದಿರವನ್ನು ಸಿಡಿಮದ್ದಿನಿಂದ ನಾಶಪಡಿಸಿತು. ಎರಡು ವರ್ಷಗಳೊಳಗಾಗಿ ಮಿಸಲ್‌ಗಳ ಸರದಾರರು ಒಂದುಗೂಡಿ ಮರುನಿರ್ಮಾಣ ಆರಂಭಿಸಿದರು. ಆದ್ದರಿಂದ ಇಂದು ಕಾಣುವ ಮಂದಿರವನ್ನು ರಣಜಿತ್ ಸಿಂಗರೇ ಕಟ್ಟಿಸಿದರೆಂದು ಹೇಳುವುದು ಸರಿಯಲ್ಲ. ಕಟ್ಟಡವು ಅವರು ಹುಟ್ಟುವ ಮೊದಲೇ ಎದ್ದು ನಿಂತಿತ್ತು. ಅವರು ಅದಕ್ಕೆ ಅಮೃತಶಿಲೆಯನ್ನೂ ತಾಮ್ರದ ತಗಡುಗಳನ್ನೂ ಹೊದಿಸಿದರು. 1830ರ ವೇಳೆಗೆ ಆ ತಾಮ್ರದ ಮೇಲೆ ಚಿನ್ನದ ಲೇಪವಾಯಿತು. ಸ್ವರ್ಣಮಂದಿರವೆಂಬ ಹೆಸರು ಬಳಕೆಗೆ ಬಂದದ್ದು ಈ ಚಿನ್ನದಿಂದಲೇ. ಮಂದಿರದ ಬಾಗಿಲಿನ ಮೇಲಿರುವ ಗುರುಮುಖಿ ಶಾಸನವು ಮಹಾರಾಜರನ್ನು ಗುರುವಿನ ಸೇವಕರೆಂದು ಗುರುತಿಸಿ, ಈ ಸೇವೆಯ ಭಾಗ್ಯವು ಗುರುಕೃಪೆಯಿಂದ ಅವರಿಗೆ ಲಭಿಸಿತೆಂದು ತಿಳಿಸುತ್ತದೆ. ಕೊಟ್ಟವರು ದೊಡ್ಡವರಲ್ಲ, ಕೊಡುವ ಅವಕಾಶವೇ ದೊಡ್ಡದು ಎಂಬ ಈ ದೃಷ್ಟಿಯನ್ನು ಕನ್ನಡ ನಾಡಿನ ದಾನಶಾಸನಗಳನ್ನು ಬಲ್ಲವರು ಸುಲಭವಾಗಿ ಅರಿಯಬಲ್ಲರು.

ಚಿನ್ನ ಕೊಟ್ಟ ಮಾತ್ರಕ್ಕೆ ಮಂದಿರದ ಮೇಲೆ ಅರಸರಿಗೆ ಒಡೆತನ ದೊರೆಯಲಿಲ್ಲ. ಮೋರಾಂ ಎಂಬ ಮುಸ್ಲಿಂ ನರ್ತಕಿಯನ್ನು ವಿವಾಹವಾದ ಕಾರಣಕ್ಕೆ, ಹರಮಂದಿರದ ಎದುರಿಗಿರುವ ಅಕಾಲ್ ತಖ್ತ್‌ನ ಮುಖ್ಯಸ್ಥ ಅಕಾಲಿ ಫೂಲಾ ಸಿಂಗರು ಮಹಾರಾಜರನ್ನು ಸಂಗತದ ಮುಂದೆ ಕರೆಸಿ ಛಡಿ ಏಟಿನ ಶಿಕ್ಷೆ ವಿಧಿಸಿದರು. ಲಾಹೋರಿನ ಒಡೆಯರು ಮರುಮಾತಿಲ್ಲದೆ ಬೆನ್ನೊಡ್ಡಿ ನಿಂತರೆಂದೂ, ಆ ವಿನಯವನ್ನು ಕಂಡು ನೆರೆದವರು ಶಿಕ್ಷೆಯನ್ನು ಹಗುರಗೊಳಿಸಬೇಕೆಂದು ಕೋರಿದರೆಂದೂ ವೃತ್ತಾಂತವಿದೆ. ಮುಂದೆ ಇದೇ ಫೂಲಾ ಸಿಂಗರು ಮಹಾರಾಜರ ಪಕ್ಷದಲ್ಲಿ ಹೋರಾಡುತ್ತ 1823ರ ನೌಶೇರಾ ಯುದ್ಧದಲ್ಲಿ ಮಡಿದರು.

ರಾಜ್ಯದ ಗಡಿಯೊಳಗಿನ ಹಿಂದೂ ಕ್ಷೇತ್ರಗಳಿಗೂ ಅವರು ನಡೆದುಕೊಳ್ಳುತ್ತಿದ್ದರು. ಕಾಂಗ್ರಾ ಪ್ರದೇಶದ ಜ್ವಾಲಾಮುಖಿ ದೇವಾಲಯದಲ್ಲಿ ವಿಗ್ರಹವಿಲ್ಲ. ಬಂಡೆಯ ಬಿರುಕಿನಿಂದ ಹೊಮ್ಮುವ ಉರಿಗೇ ಪೂಜೆ ಸಲ್ಲುತ್ತದೆ. ಇದರ ಗುಮ್ಮಟಕ್ಕೆ ರಣಜಿತ್ ಸಿಂಗರು ಚಿನ್ನ ಹೊದಿಸಿದರು. ಅವರ ಮಗ ಖಡಕ್ ಸಿಂಗರು ಬೆಳ್ಳಿಯ ಬಾಗಿಲುಗಳನ್ನು ಅರ್ಪಿಸಿದರು. ಈಗ ಪಾಕಿಸ್ತಾನದ ಚಕ್ವಾಲ್ ಜಿಲ್ಲೆಯಲ್ಲಿರುವ ಕಟಾಸ್‌ರಾಜ್ ಶಿವಕ್ಷೇತ್ರಕ್ಕೂ ಅವರು ಹಲವು ಬಾರಿ ಯಾತ್ರೆ ಹೋಗಿದ್ದರು.

ಅವರ ಆಡಳಿತದಲ್ಲಿ ಎಲ್ಲ ಪೂಜಾಸ್ಥಳಗಳಿಗೂ ಒಂದೇ ಬಗೆಯ ಗೌರವ ದೊರೆಯಿತೆಂದು ಹೇಳಲಾಗದು. ಲಾಹೋರಿನ ಬಾದಶಾಹಿ ಮಸೀದಿಯ ಅಂಗಳವು ಸೈನ್ಯದ ಕುದುರೆಲಾಯವಾಗಿ ಬಳಕೆಯಾಯಿತು. ಅದೇ ಕಾಲದಲ್ಲಿ ವಿದೇಶಾಂಗ ವ್ಯವಹಾರಗಳ ಹೊಣೆಯನ್ನು ಫಕೀರ್ ಅಜೀಜುದ್ದೀನ್ ಎಂಬ ಮುಸ್ಲಿಂ ಸಚಿವರು ನಿರ್ವಹಿಸುತ್ತಿದ್ದರು. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಗಮನಿಸಬೇಕಾಗುತ್ತದೆ.

ಗಡಿಯಾಚೆಗಿನ ದಾನಗಳು

ಅರಸರು ತಮ್ಮ ರಾಜ್ಯದ ದೇವಸ್ಥಾನಗಳಿಗೆ ದತ್ತಿ ಬಿಡುವುದು ವಾಡಿಕೆಯ ವಿಷಯ. ಅದರಿಂದ ಪುಣ್ಯವೂ ಉಂಟು, ಪ್ರಜೆಗಳ ವಿಶ್ವಾಸವೂ ಉಂಟು. ಆದರೆ ರಣಜಿತ್ ಸಿಂಗರ ಹಿರಿಯ ದಾನಗಳಲ್ಲಿ ಹಲವು ಅವರ ಆಜ್ಞೆ ನಡೆಯದ ಊರುಗಳಿಗೆ ಸಂದವು.

ಕಾಶಿಯು ಆಗ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಶ್ವನಾಥ ದೇವಾಲಯವನ್ನು ಇಂದೋರಿನ ಅಹಲ್ಯಾಬಾಯಿ ಹೋಳ್ಕರರು 18ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿಸಿದ್ದರು. 1830ರ ದಶಕದಲ್ಲಿ ಅದರ ಶಿಖರ ಹಾಗೂ ಗುಮ್ಮಟದ ಹೊದಿಕೆಗಾಗಿ ಲಾಹೋರಿನಿಂದ ಚಿನ್ನ ಸಂದಾಯವಾಯಿತು. ಅದರ ತೂಕ ಸುಮಾರು ಒಂದು ಟನ್ ಎಂಬುದು ಪ್ರಚಲಿತ ಅಂದಾಜು. ಹೀಗೆ ಮರಾಠಾ ರಾಣಿಯ ಕಟ್ಟಡಕ್ಕೆ ಸಿಖ್ ಅರಸರ ಚಿನ್ನ ಸೇರಿ, ಇಂದು ಯಾತ್ರಾರ್ಥಿಗಳು ದರ್ಶಿಸುವ ದೇವಾಲಯ ರೂಪುಗೊಂಡಿದೆ.

ಕನ್ನಡಿಗರಿಗೆ ಹೆಚ್ಚು ಸಮೀಪದ ಕ್ಷೇತ್ರ ನಾಂದೇಡ್. ಹತ್ತನೆಯ ಗುರು ಗೋವಿಂದ ಸಿಂಗರು 1708ರಲ್ಲಿ ಗೋದಾವರಿ ತೀರದ ಈ ಊರಿನಲ್ಲಿ ದೇಹತ್ಯಾಗ ಮಾಡಿದರು. ಅವರ ಅಂತ್ಯಸಂಸ್ಕಾರ ನಡೆದ ಸ್ಥಳದಲ್ಲಿ 1832ರಿಂದ 1837ರ ಅವಧಿಯಲ್ಲಿ ರಣಜಿತ್ ಸಿಂಗರ ಧನಸಹಾಯದಿಂದ ಹುಜೂರ್ ಸಾಹಿಬ್ ಗುರುದ್ವಾರವನ್ನು ನಿರ್ಮಿಸಲಾಯಿತು. ನಾಂದೇಡ್ ಆಗ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಲಾಹೋರಿನಿಂದ ಹಣವೂ ಕುಶಲಕರ್ಮಿಗಳೂ ನೂರಾರು ಮೈಲಿ ದೂರ, ಪರರಾಜ್ಯಗಳನ್ನು ಹಾದು ಬರಬೇಕಾಗಿತ್ತು. ನಿಜಾಮರ ಆಡಳಿತದಲ್ಲಿ ಪ್ರಬಲರಾಗಿದ್ದ ರಾಜಾ ಚಂದುಲಾಲರು ಪಂಜಾಬಿನ ಖತ್ರಿ ಮನೆತನದವರಾಗಿದ್ದುದು ಇಲ್ಲಿ ಗಮನಾರ್ಹ. ಆ ಕಾಲದಲ್ಲಿ ದಕ್ಷಿಣಕ್ಕೆ ಬಂದು ನೆಲೆಸಿದ ಸಿಖ್ ಯೋಧರ ವಂಶಸ್ಥರನ್ನು ದಖನಿ ಸಿಖ್ಖರೆಂದು ಕರೆಯಲಾಗುತ್ತದೆ. ಸಿಖ್ ಧರ್ಮದ ಐದು ತಖ್ತ್‌ಗಳಲ್ಲಿ ದಕ್ಷಿಣದಲ್ಲಿರುವುದು ಇದೊಂದೇ.

ಗೋವಿಂದ ಸಿಂಗರ ಜನ್ಮಸ್ಥಳವಾದ ಪಟ್ನಾದಲ್ಲಿಯೂ ಮಹಾರಾಜರು ತಮ್ಮ ಕೊನೆಯ ವರ್ಷಗಳಲ್ಲಿ ಗುರುದ್ವಾರದ ಪುನರ್ನಿರ್ಮಾಣ ಕೈಗೊಂಡರು. ಆ ಕಟ್ಟಡವು 1934ರ ಬಿಹಾರ ಭೂಕಂಪದಲ್ಲಿ ಹಾನಿಗೊಳಗಾಗಿ, ಈಗಿರುವ ಕಟ್ಟಡವನ್ನು ಸ್ವಾತಂತ್ರ್ಯಾನಂತರ ಪೂರ್ಣಗೊಳಿಸಲಾಯಿತು.

ತಲುಪದ ಕಾಣಿಕೆ

ಕೊಹಿನೂರ್ ವಜ್ರವು 1813ರಲ್ಲಿ ಆಫ್ಘನ್ ದೊರೆ ಶಾ ಶುಜಾನಿಂದ ರಣಜಿತ್ ಸಿಂಗರ ಕೈಸೇರಿತ್ತು. ಮಹಾರಾಜರು ಹಬ್ಬ ಹಾಗೂ ದರ್ಬಾರುಗಳಲ್ಲಿ ಅದನ್ನು ತೋಳಿಗೆ ಕಟ್ಟಿಕೊಳ್ಳುತ್ತಿದ್ದರು. 1839ರ ಜೂನ್‌ನಲ್ಲಿ ಪಾರ್ಶ್ವವಾಯುವಿನಿಂದ ಮಾತು ನಿಂತು ಹಾಸಿಗೆ ಹಿಡಿದಾಗ, ಆನೆ, ಕುದುರೆ, ಒಡವೆಗಳನ್ನು ದಾನವಾಗಿ ಕೊಡಿಸಿದರು. ಕೊಹಿನೂರನ್ನು ಪುರಿಯ ಜಗನ್ನಾಥನಿಗೆ ಅರ್ಪಿಸಬೇಕೆಂದು ಸನ್ನೆಯಿಂದ ಸೂಚಿಸಿದರು. ಗುರುನಾನಕರು ಪುರಿಗೆ ಭೇಟಿ ನೀಡಿದ್ದರೆಂಬ ನಂಬಿಕೆ ಸಿಖ್ಖರಲ್ಲಿದ್ದು, ಆ ಕ್ಷೇತ್ರ ಅವರಿಗೆ ಪರಕೀಯವಾಗಿರಲಿಲ್ಲ.

ಆದರೆ ತೋಷಾಖಾನೆಯ ಅಧಿಕಾರಿ ಮಿಶ್ರ ಬೇಲಿ ರಾಮ್ ವಜ್ರವನ್ನು ಹೊರತೆಗೆಯಲಿಲ್ಲ. ಅದು ರಾಜ್ಯದ ಸ್ವತ್ತು, ಮುಂದಿನ ಅರಸರಿಗೆ ಸೇರಬೇಕಾದುದು ಎಂಬುದು ಅವರ ನಿಲುವಾಗಿತ್ತು. ಭಂಡಾರದ ಹೊಣೆ ಹೊತ್ತ ಅಧಿಕಾರಿಗೆ ಇದು ಕರ್ತವ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಸಾಯುತ್ತಿರುವ ದಾನಿಯ ಇಚ್ಛೆ ಒಂದು ಕಡೆ, ರಾಜ್ಯದ ಆಸ್ತಿ ಇನ್ನೊಂದು ಕಡೆ. ಇವೆರಡರ ನಡುವೆ ನಿರ್ಧಾರವಾಗುವ ಮೊದಲೇ, ಜೂನ್ 27ರಂದು ಲಾಹೋರಿನಲ್ಲಿ ಮಹಾರಾಜರು ನಿಧನರಾದರು. ವಜ್ರ ಭಂಡಾರದಲ್ಲಿಯೇ ಉಳಿಯಿತು. ಹಾಗೆ ಉಳಿಸಿದ್ದರಿಂದ ರಾಜ್ಯಕ್ಕೂ ಅದು ದಕ್ಕಲಿಲ್ಲ. ಹತ್ತು ವರ್ಷಗಳ ನಂತರ, 1849ರಲ್ಲಿ, ಕಂಪನಿಯು ಪಂಜಾಬನ್ನು ವಶಪಡಿಸಿಕೊಂಡು, ಆಗ ಹತ್ತು ವರ್ಷದ ಬಾಲಕರಾಗಿದ್ದ ದುಲೀಪ್ ಸಿಂಗರಿಂದ ಒಪ್ಪಂದದ ಮೂಲಕ ಕೊಹಿನೂರನ್ನು ಪಡೆಯಿತು. 1850ರಲ್ಲಿ ಅದು ವಿಕ್ಟೋರಿಯಾ ರಾಣಿಗೆ ಸಂದಿತು.

ರಣಜಿತ್ ಸಿಂಗರ ಸಮಾಧಿಯು ಲಾಹೋರಿನ ಕೋಟೆಗೂ ಬಾದಶಾಹಿ ಮಸೀದಿಗೂ ಸಮೀಪದಲ್ಲಿದೆ. ಖಡಕ್ ಸಿಂಗರು ಆರಂಭಿಸಿದ ಈ ಕಟ್ಟಡ 1848ರಲ್ಲಿ ಪೂರ್ಣಗೊಂಡಿತು.

ಯಾತ್ರಾರ್ಥಿಗಳ ಗಮನಕ್ಕೆ

ಅಮೃತಸರದ ಮಂದಿರದ ಹಳೆಯ ಚಿನ್ನದ ಹೊದಿಕೆ ಮಾಸಿದ್ದರಿಂದ 1990ರ ದಶಕದಲ್ಲಿ ಭಕ್ತರ ಸೇವೆಯ ರೂಪದಲ್ಲಿ ಮರುಲೇಪನ ಮಾಡಲಾಗಿದೆ. ಆದ್ದರಿಂದ ಈಗ ಹೊರಗೆ ಹೊಳೆಯುವ ಚಿನ್ನವೆಲ್ಲವೂ ಮಹಾರಾಜರ ಕಾಲದ್ದಲ್ಲ.

ನಾಂದೇಡ್ ಯಾತ್ರೆ ಕೈಗೊಳ್ಳುವವರು ಬೀದರ್‌ನ ಗುರುನಾನಕ್ ಝೀರಾ ಸಾಹಿಬ್ ಗುರುದ್ವಾರವನ್ನೂ ಸಂದರ್ಶಿಸಬಹುದು. ಕುಡಿಯುವ ನೀರಿಗೆ ಬವಣೆಪಡುತ್ತಿದ್ದ ಜನರಿಗಾಗಿ ಗುರುನಾನಕರು ಚಿಲುಮೆ ಹರಿಸಿದರೆಂಬ ನಂಬಿಕೆಯ ಸ್ಥಳವಿದು; ಝೀರಾ ಎಂದರೆ ಚಿಲುಮೆ. 1699ರಲ್ಲಿ ಖಾಲ್ಸಾ ಸ್ಥಾಪನೆಯಾದಾಗ ಗುರುವಿನ ಕರೆಗೆ ತಲೆಯೊಡ್ಡಿದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನವರು, ವೃತ್ತಿಯಿಂದ ಕ್ಷೌರಿಕರು.

ಗುರುದ್ವಾರಗಳಿಗೆ ಎಲ್ಲ ಜಾತಿ ಮತಗಳವರಿಗೂ ಪ್ರವೇಶವಿದೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು, ಕೈಕಾಲು ತೊಳೆದು, ಪುರುಷರೂ ಮಹಿಳೆಯರೂ ತಲೆಯನ್ನು ವಸ್ತ್ರದಿಂದ ಮುಚ್ಚಿಕೊಂಡು ಒಳಗೆ ಹೋಗತಕ್ಕದ್ದು. ತಂಬಾಕು, ಬೀಡಿ, ಸಿಗರೇಟು ಹಾಗೂ ಮದ್ಯವನ್ನು ಆವರಣದೊಳಗೆ ಒಯ್ಯುವಂತಿಲ್ಲ. ಲಂಗರ್‌ನಲ್ಲಿ ಉಚಿತವಾಗಿ ಊಟ ದೊರೆಯುತ್ತದೆ. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು, ರೊಟ್ಟಿಯನ್ನು ಎರಡೂ ಕೈಗಳಿಂದ ಸ್ವೀಕರಿಸುವುದು ಅಲ್ಲಿನ ಪದ್ಧತಿ.